ಉರಿಬಿಸಿಲಿನಲ್ಲಿ ಬಯಲು ರಾಕ್ ಶೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ನುಡಿಸಿದ್ದು 2003ರ ಏಪ್ರಿಲ್ 4ರಂದು. ಐರನ್ ಮೇಡನ್ ಬಂದದ್ದು 2007ರ ಮಾರ್ಚ್ 17ರಂದು. ಎರಡೂ ಬೇಸಿಗೆಯ ದಿನಗಳೇ. ಬಯಲಿನ ಶೋಗೆ ಮಳೆಗಾಲ ಒಗ್ಗುವುದಿಲ್ಲ, ಹಾಗಾಗಿ ಮಾರ್ಚ್, ಏಪ್ರಿಲ್‌ ತಿಂಗಳ ಟಿಕೆಟ್ ಕೈಗೆ ಬರುವುದು ಇಲ್ಲಿ ಹೊಸದೇನಲ್ಲ. ಕೆಳಗಿನ ಉತ್ತರಗಳು ಬೆಂಗಳೂರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಬೇರೆ ಊರಿಗೆ ಏನು ಬದಲಾಗುತ್ತದೆ ಎಂಬುದನ್ನು ಅಲ್ಲಲ್ಲಿ ಹೇಳಿದ್ದೇವೆ.

ಮುಖ್ಯ ಬ್ಯಾಂಡ್ ವೇದಿಕೆ ಏರುವುದೇ ರಾತ್ರಿ ಎಂಟಕ್ಕೆ. ಬಿಸಿಲಿನ ಚಿಂತೆ ಯಾಕೆ?

ರಾತ್ರಿ ಎಂಟಕ್ಕೆ ಕುಸಿದು ಬೀಳುವವರ ಮೈಗೆ ಬಿಸಿಲು ಏರಿರುವುದು ಮಧ್ಯಾಹ್ನವೇ. ಗೇಟು ತೆರೆಯುವುದು ಸಾಮಾನ್ಯವಾಗಿ ಎರಡು ಮೂರು ಗಂಟೆಗೆ. ಬ್ಯಾರಿಕೇಡಿಗೆ ಒರಗಿ ನಿಲ್ಲಬೇಕೆನ್ನುವವರು ಹನ್ನೆರಡಕ್ಕೇ ಬಂದು ಕ್ಯೂ ಹಿಡಿಯುತ್ತಾರೆ. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಬರುತ್ತದೆ. ಆಗ ಮಧ್ಯಾಹ್ನ ಸುಮಾರು 12.18ಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಇರುತ್ತದೆ. ಕ್ಯೂನಲ್ಲಿ ನಿಂತವರಿಗೆ ಕಾಂಪೌಂಡ್ ಗೋಡೆಯ ನೆರಳೂ ಸಿಗುವುದಿಲ್ಲ. ಹವೆ ಅತಿ ಹೆಚ್ಚು ಕಾಯುವುದು ಅದಕ್ಕೂ ಆಮೇಲೆ, ಎರಡೂವರೆಯಿಂದ ಮೂರೂವರೆಯ ನಡುವೆ.

ಬಿಸಿಲಿನಲ್ಲಿ ಸುಮ್ಮನೆ ನಿಂತರೂ ಗಂಟೆಗೆ ಅರ್ಧ ಲೀಟರಿನಷ್ಟು ಬೆವರು ಹೋಗಬಹುದು. 60 ಕಿಲೋ ತೂಕದವರಿಗೆ 1.2 ಲೀಟರ್ ಎಂದರೆ ಮೈತೂಕದ ಶೇ 2. ಅಷ್ಟು ಕಳೆದರೆ ಹೃದಯ ಜೋರಾಗಿ ಬಡಿಯತೊಡಗುತ್ತದೆ, ಮೈಯನ್ನು ತಣಿಸುವ ಶಕ್ತಿ ತಗ್ಗುತ್ತದೆ. ಆ ಕೊರತೆಯನ್ನು ಹೊತ್ತುಕೊಂಡೇ ಎಂಟಕ್ಕೆ ಕುಣಿಯಲು ಶುರು ಮಾಡಿದರೆ ಮೂರನೆಯ ಹಾಡಿಗೆ ಕಣ್ಣು ಕತ್ತಲೆ ಬರುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುವುದರಿಂದ ಇದು ಬಿಸಿಲಿನ ಕೆಲಸ ಎಂದು ಯಾರಿಗೂ ಹೊಳೆಯುವುದಿಲ್ಲ.

ಆಯೋಜಕರು ಶೋವನ್ನೇ ತಡವಾಗಿ ಶುರು ಮಾಡಬಾರದೇ ಎಂದು ಕೇಳುವವರಿದ್ದಾರೆ. 2000ರ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಿನಾಯಿತಿ ಕೊಡಲು ಅವಕಾಶವಿರುವುದು ವರ್ಷಕ್ಕೆ ಕೆಲವೇ ದಿನ. ಹತ್ತಕ್ಕೆ ಮುಗಿಸಲೇಬೇಕು ಎಂದಾದರೆ ಮೊದಲ ಬ್ಯಾಂಡ್ ನಾಲ್ಕಕ್ಕೆ ನುಡಿಸದೆ ವಿಧಿಯಿಲ್ಲ.

ಬಿಸಿಗಾಳಿ ಎಂದು ಹವಾಮಾನ ಇಲಾಖೆ ಘೋಷಿಸಿಲ್ಲ. ಹಾಗಾದರೆ ಹೆದರಬೇಕಿಲ್ಲ ತಾನೆ?

ಈ ಲೆಕ್ಕಾಚಾರ ಬೆಂಗಳೂರಿನವರಿಗೆ ಸಲ್ಲುವುದಿಲ್ಲ. ಬಯಲುಸೀಮೆಯ ಊರಿಗೆ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡ 39.2 ಡಿಗ್ರಿ ಇಲ್ಲಿನ ದಾಖಲೆ. 2024ರ ಏಪ್ರಿಲ್ ಕೊನೆಯಲ್ಲಿ 38.5 ಆಗಿತ್ತು. ಅಂದರೆ ಊರು ತನ್ನ ಅತಿ ಕೆಟ್ಟ ದಿನದಲ್ಲಿಯೂ ಆ 40ರ ಗೆರೆ ದಾಟಿಲ್ಲ. ಗೆರೆ ದಾಟದ ಆ ದಿನಗಳಲ್ಲೂ ಮೈದಾನದಲ್ಲಿ ಐದಾರು ಗಂಟೆ ನಿಂತವರಿಗೆ ಬಿಸಿಲು ಬಡಿಯಬಹುದು.

ಇನ್ನೊಂದು ವಿಷಯ. ವರದಿಯ ಉಷ್ಣಾಂಶ ಅಳೆಯುವ ಮಾಪಕ ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಇರುತ್ತದೆ. ನೀವು ನಿಲ್ಲುವುದು ಬಿಸಿಲಿನಲ್ಲಿ. ನೇರ ಬಿಸಿಲು ಬಿದ್ದರೆ ಮೈಗೆ ತಟ್ಟುವ ಶಾಖ ಇನ್ನೂ ಏಳೆಂಟು ಡಿಗ್ರಿಯವರೆಗೆ ಏರಬಹುದು.

ವರದಿಯಲ್ಲಿ ಉಷ್ಣಾಂಶ ಬಿಟ್ಟು ಇನ್ನೇನು ನೋಡಬೇಕು?

ತೇವಾಂಶ. ನಮ್ಮನ್ನು ತಣಿಸುವುದು ಬೆವರಲ್ಲ, ಬೆವರು ಆರುವುದು. ಗಾಳಿಯಲ್ಲಿ ನೀರಿನ ಪಸೆ ತುಂಬಿದ್ದರೆ ಬೆವರು ಆರದೆ ಸುಮ್ಮನೆ ಹರಿದುಹೋಗುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ ಇದ್ದು ತೇವಾಂಶ ಶೇ 70 ಇದ್ದರೆ ಮೈಗೆ ಅದು 43ರಂತೆ ತಟ್ಟುತ್ತದೆ. ಕರಾವಳಿಗೆ ಬಿಸಿಗಾಳಿಯ ಮಿತಿಯನ್ನು 37ಕ್ಕೇ ಇಟ್ಟಿರುವುದು ಇದಕ್ಕಾಗಿಯೇ. ಕಲಬುರಗಿ, ರಾಯಚೂರಿನ ಕಡೆ ತೊಂದರೆ ಬೇರೆ ಥರ. ಅಲ್ಲಿ ಒಣಗಾಳಿಗೆ ಬೆವರು ಕ್ಷಣದಲ್ಲಿ ಆರಿಬಿಡುತ್ತದೆ. ಮೈ ಒದ್ದೆಯೇ ಆಗದ ಕಾರಣ ಎಷ್ಟು ನೀರು ಹೋಯಿತೆಂಬ ಅಂದಾಜು ಸಿಗುವುದಿಲ್ಲ. ಆ ಕಡೆ ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯಬೇಕು.

ಹಿಂದಿನ ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ನೋಡಿ. ರಾತ್ರಿಯೂ ಸೆಖೆ ಇಳಿಯದೆ ನಿದ್ದೆ ಕೆಟ್ಟಿದ್ದರೆ ಮರುದಿನದ ಬಿಸಿಲನ್ನು ಮೈ ತಾಳಿಕೊಳ್ಳುವುದು ಕಷ್ಟ.

ಕಪ್ಪು ಬ್ಯಾಂಡ್ ಟೀ ಶರ್ಟ್ ಹಾಕದೆ ಶೋಗೆ ಹೋಗುವುದು ಹೇಗೆ?

ಹಾಕಿ. ಆದರೆ ಬಿಸಿಲು ಇಳಿಯುವವರೆಗೆ ಅದರ ಮೇಲೆ ಬಿಳಿ ಅಥವಾ ತಿಳಿಬಣ್ಣದ, ತೆಳು ಹತ್ತಿಯ, ತುಂಬುತೋಳಿನ ಸಡಿಲ ಅಂಗಿ ತೊಟ್ಟಿರಿ. ಕಪ್ಪು ಬಟ್ಟೆ ಬಿಸಿಲನ್ನು ಹೀರುತ್ತದೆ. ಅದು ಮೈಗೆ ಅಂಟಿಕೊಂಡಿದ್ದರೆ ಹೀರಿದ ಶಾಖವೆಲ್ಲ ನೇರ ಚರ್ಮಕ್ಕೆ ಇಳಿಯುತ್ತದೆ. ಎದೆಯ ಮೇಲೆ ದಪ್ಪ ಪ್ರಿಂಟ್ ಇರುವ ಟೀ ಶರ್ಟ್ ಇನ್ನೂ ಕಷ್ಟ, ಆ ಪ್ರಿಂಟಿನ ಜಾಗದಲ್ಲಿ ಗಾಳಿಯೂ ಆಡುವುದಿಲ್ಲ, ಬೆವರೂ ಆರುವುದಿಲ್ಲ. ಒಂದು ಸೈಜ್ ದೊಡ್ಡದು ಆರಿಸಿಕೊಳ್ಳಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಐದೂವರೆಗೆ ಮೇಲಂಗಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡರೆ ಆಯಿತು.

ಬಿಗಿ ಜೀನ್ಸ್ ಬೇಡ, ಬೆವರಿನಿಂದ ಒದ್ದೆಯಾದರೆ ತೊಡೆ ಉಜ್ಜಿ ಹುಣ್ಣಾಗುತ್ತದೆ. ಚಪ್ಪಲಿಯೂ ಬೇಡ. ಗುಂಪಿನಲ್ಲಿ ಕಾಲು ತುಳಿಸಿಕೊಂಡಾಗ ಅದರ ಬೆಲೆ ತಿಳಿಯುತ್ತದೆ. ಮುಂಗಾಲು ಮುಚ್ಚುವ ಹಗುರ ಶೂ, ಹತ್ತಿಯ ಸಾಕ್ಸ್ ಸರಿ.

ಇವೆಲ್ಲಕ್ಕಿಂತ ಉಪಯೋಗದ ವಸ್ತು ನಮ್ಮ ಪಾಣಿಪಂಚೆ. ತೆಳ್ಳಗಿರುತ್ತದೆ, ಮಡಚಿದರೆ ಜೇಬಿನಲ್ಲಿ ಕೂರುತ್ತದೆ, ಸೆಕ್ಯುರಿಟಿಯವರು ತಡೆಯುವುದಿಲ್ಲ. ನೀರಿನಲ್ಲಿ ಅದ್ದಿ ಹಿಂಡಿ ಕತ್ತಿನ ಹಿಂದೆ ಹಾಕಿಕೊಳ್ಳಿ. ಒಣ ಹವೆಯಲ್ಲಿ ಅರ್ಧ ಗಂಟೆಗೊಮ್ಮೆ ಮತ್ತೆ ಅದ್ದಬೇಕಾಗುತ್ತದೆ. ಮೈದಾನದ ಕೆಂಪು ಧೂಳು ಎದ್ದಾಗ ಮೂಗು ಬಾಯಿಗೆ ಕಟ್ಟಿಕೊಳ್ಳಲೂ ಅದೇ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕೆ ಮೇಲಿನದು ಇರಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖ ಮತ್ತು ಕತ್ತಿಗೆ ಬೇಕು. ಮನೆ ಬಿಡುವ ಮುಂಚೆ ಒಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ. ಕಿವಿಯ ತುದಿ, ಬೈತಲೆಯ ಗೆರೆ ಮರೆಯಬೇಡಿ. ಕೊಡೆಯನ್ನು ಒಳಗೆ ಬಿಡುವುದಿಲ್ಲ, ಟೋಪಿ ಬಿಡುತ್ತಾರೆ.

ಹಿಂದಿನ ದಿನದಿಂದ ಏನು ತಿನ್ನಬೇಕು, ಏನು ಕುಡಿಯಬೇಕು?

ಶೋ ದಿನ ಮಧ್ಯಾಹ್ನ ಒಂದೇ ಸಲ ಎರಡು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೊರಟುಹೋಗುತ್ತದೆ. ಹಿಂದಿನ ಸಂಜೆಯಿಂದಲೇ ಸ್ವಲ್ಪ ಸ್ವಲ್ಪ ಕುಡಿಯುತ್ತ ಬನ್ನಿ. ಮೂತ್ರ ತಿಳಿ ನಿಂಬೆಹಣ್ಣಿನ ಬಣ್ಣದಲ್ಲಿದ್ದರೆ ಸರಿಯಾಗಿದೆ, ಕಡು ಹಳದಿಯಾದರೆ ಸಾಲದು. ಮನೆ ಬಿಡುವ ಎರಡು ಗಂಟೆ ಮುಂಚೆ ಅರ್ಧ ಲೀಟರ್ ಕುಡಿಯಿರಿ.

ಊಟಕ್ಕೆ ಮೊಸರನ್ನ ಉಪ್ಪಿನಕಾಯಿಗೆ ಸಮನಾದುದು ಸಿಗುವುದಿಲ್ಲ. ನೀರು, ಉಪ್ಪು, ನಿಧಾನವಾಗಿ ಶಕ್ತಿ ಕೊಡುವ ಅನ್ನ, ಮೂರೂ ಅದರಲ್ಲಿವೆ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿದರೂ ಅಷ್ಟೇ ಒಳ್ಳೆಯದು. ಬಿರಿಯಾನಿಯನ್ನು ಶೋ ಮುಗಿದ ಮೇಲೆ ತಿನ್ನಿ. ಎಣ್ಣೆ ಮಸಾಲೆಯ ಊಟ ಹೊಟ್ಟೆಯಲ್ಲಿ ಭಾರವಾಗಿ ಕೂತರೆ ಬಿಸಿಲಿಗೆ ವಾಕರಿಕೆ ಬರುತ್ತದೆ, ಆಗ ನೀರು ಕುಡಿಯಲೂ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗುವುದು ಅದಕ್ಕಿಂತ ಕೆಟ್ಟದ್ದು. ಕಾಫಿ ಕುಡಿಯುವ ಅಭ್ಯಾಸವಿದ್ದವರು ಒಂದು ಲೋಟ ಕುಡಿದರೆ ತೊಂದರೆಯಿಲ್ಲ.

ಮೈದಾನದೊಳಗೆ ಎಷ್ಟು ನೀರು ಬೇಕು?

ಬಿಸಿಲಿರುವಷ್ಟು ಹೊತ್ತು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200ರಿಂದ 250 ಮಿಲಿ. ಯಾವ ಕಾರಣಕ್ಕೂ ಗಂಟೆಗೆ ಒಂದೂವರೆ ಲೀಟರ್ ದಾಟಬೇಡಿ. ಬೆವರಿನೊಂದಿಗೆ ಉಪ್ಪೂ ಹೋಗಿರುತ್ತದೆ. ಅದನ್ನು ತುಂಬದೆ ಬರೀ ನೀರನ್ನು ಸುರಿಯುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ, ಕೊನೆಗೆ ಫಿಟ್ಸ್ ಕೂಡ ಬರಬಹುದು. ನೋಡುವವರಿಗೆ ಇದು ಬಿಸಿಲು ಬಡಿದಂತೆಯೇ ಕಾಣುವುದರಿಂದ ಇನ್ನಷ್ಟು ನೀರು ಕುಡಿಸುವ ಅಪಾಯವಿದೆ. ಹೊಟ್ಟೆ ಉಬ್ಬರಿಸಿದ್ದು, ಕೈಬೆರಳು ಊದಿ ಉಂಗುರ ಬಿಗಿಯಾಗಿದ್ದರೆ ಬರೀ ನೀರು ನಿಲ್ಲಿಸಿ, ವೈದ್ಯಕೀಯ ಡೇರೆಗೆ ನಡೆಯಿರಿ.

ಓಆರ್‌ಎಸ್, ಎಳನೀರು, ಮಜ್ಜಿಗೆ, ಬಾಟಲಿಯ ಎನರ್ಜಿ ಡ್ರಿಂಕ್: ಯಾವುದು ಸರಿ?

ಮೊದಲ ಆಯ್ಕೆ ಓಆರ್‌ಎಸ್ ಪುಡಿ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ಔಷಧಿ ಅಂಗಡಿಯಲ್ಲಿ ಕೇಳಿ. ಸುಮಾರು 21 ಗ್ರಾಂ ಇರುವ ದೊಡ್ಡ ಪೊಟ್ಟಣ ಸರಿಯಾಗಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಗಟ್ಟಿಯಾದ ದ್ರಾವಣ ಬಾಯಾರಿಕೆ ಹೆಚ್ಚಿಸುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು. ಟೀ ಚಮಚದ ಅಳತೆ, ಗೋಪುರದಂತೆ ತುಂಬಬಾರದು.

ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಹಾಗಾಗಿ ಎಳನೀರಿನ ಜೊತೆ ಉಪ್ಪು ಹಚ್ಚಿದ ಸೌತೆಕಾಯಿಯನ್ನೋ ಕಡಲೆಬೀಜವನ್ನೋ ತಿನ್ನಿ. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದೇ, ಆದರೆ ಮೈದಾನದ ಹೊರಗೆ ಗಂಟೆಗಟ್ಟಲೆ ಬಿಸಿಲಿನಲ್ಲಿಟ್ಟ ಮಜ್ಜಿಗೆ ಬೇಡ, ಯಾವ ನೀರಿನ ಐಸ್ ಎಂದು ತಿಳಿಯದ ಶರಬತ್ತೂ ಬೇಡ. ಕೆಫೀನ್ ತುಂಬಿದ ಎನರ್ಜಿ ಡ್ರಿಂಕ್ ಎದೆಬಡಿತ ಏರಿಸುತ್ತದೆಯೇ ಹೊರತು ಉಪ್ಪಿನ ಕೊರತೆ ತುಂಬುವುದಿಲ್ಲ.

ನೀರಿನ ಬಾಟಲಿಯನ್ನೇ ಗೇಟಿನಲ್ಲಿ ಕಿತ್ತುಕೊಳ್ಳುತ್ತಾರಲ್ಲ?

ನಿಜ, ಇಡೀ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ ಇದು. 1999ರ ಜುಲೈನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಳೆಯ ವಾಯುನೆಲೆಯೊಂದರಲ್ಲಿ ವುಡ್‌ಸ್ಟಾಕ್ ಉತ್ಸವ ನಡೆಯಿತು. 38 ಡಿಗ್ರಿಯ ಆಸುಪಾಸಿನ ಬಿಸಿಲು, ಕಾದ ಕಾಂಕ್ರೀಟು, ನೆರಳಿಲ್ಲ, ಒಂದು ಬಾಟಲಿ ನೀರಿಗೆ 4 ಡಾಲರ್. ಅದು ಬೆಂಕಿ ದೊಂಬಿಯಲ್ಲಿ ಮುಗಿಯಿತು. 2023ರ ನವೆಂಬರ್ 17ರಂದು ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಬಿಸಿಗಾಳಿಯ ನಡುವೆ ನಡೆದ ಟೇಲರ್ ಸ್ವಿಫ್ಟ್ ಶೋನಲ್ಲಿ 23 ವರ್ಷದ ಅಭಿಮಾನಿಯೊಬ್ಬಳು ಕುಸಿದು ತೀರಿಕೊಂಡಳು. ಹೊರಗಿನ ನೀರನ್ನು ಒಳಗೆ ಬಿಟ್ಟಿರಲಿಲ್ಲ ಎಂಬ ಆಕ್ರೋಶದ ಬೆನ್ನಲ್ಲೇ ಅಲ್ಲಿನ ಸರ್ಕಾರ ನೀರು ತರಲು ಅವಕಾಶ ಕೊಡಬೇಕೆಂದು ಆದೇಶಿಸಿತು.

ಟಿಕೆಟ್ ಕೊಂಡ ದಿನವೇ ಆಯೋಜಕರಿಗೆ ಬರೆದು ಮೂರು ವಿಷಯ ಕೇಳಿ: ಖಾಲಿ ಬಾಟಲಿ ಬಿಡುತ್ತೀರಾ, ಉಚಿತ ಕುಡಿಯುವ ನೀರು ಎಲ್ಲಿದೆ, ಒಮ್ಮೆ ಒಳಗೆ ಬಂದವರು ಹೊರಗೆ ಹೋಗಿ ಬರಬಹುದೇ. ಉತ್ತರವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಗೇಟಿನಲ್ಲಿ ಕೆಲಸಕ್ಕೆ ಬರುತ್ತದೆ. ಬಿಡುವುದಿಲ್ಲ ಎಂದಾದರೆ ಕ್ಯೂ ತಪಾಸಣೆಗೆ ತಲುಪುವ ಹತ್ತು ನಿಮಿಷ ಮೊದಲು ಕೈಯಲ್ಲಿರುವ ನೀರನ್ನು ಕುಡಿದು ಮುಗಿಸಿ, ಉಳಿದದ್ದರಲ್ಲಿ ಪಾಣಿಪಂಚೆ ನೆನೆಸಿ. ಓಆರ್‌ಎಸ್ ಪೊಟ್ಟಣವನ್ನು ಒಡೆಯದೆ, ಹೆಸರು ಕಾಣುವಂತೆ ಇಟ್ಟುಕೊಳ್ಳಿ. ಬಿಡಿಯಾಗಿ ಕಟ್ಟಿದ ಬಿಳಿ ಪುಡಿ ಕಂಡರೆ ತಪಾಸಣೆಯವರು ಸಹಜವಾಗಿಯೇ ತಡೆಯುತ್ತಾರೆ. ಒಳಗೆ ಹೋದ ತಕ್ಷಣ ಮೊದಲ ಕೆಲಸ ನೀರಿನ ಜಾಗ ಮತ್ತು ವೈದ್ಯಕೀಯ ಡೇರೆ ಹುಡುಕುವುದು. ವೇದಿಕೆ ಎಲ್ಲಿಗೂ ಹೋಗುವುದಿಲ್ಲ.

ಶೌಚಾಲಯದ ಹೆದರಿಕೆಗೆ ನೀರೇ ಕುಡಿಯದೆ ಇರುವ ಹೆಣ್ಣುಮಕ್ಕಳಿಗೆ ಏನು ಹೇಳುತ್ತೀರಿ?

ಹೆದರಿಕೆಗೆ ಕಾರಣವಿದೆ. ಸಂಚಾರಿ ಶೌಚಾಲಯಗಳು ಕತ್ತಲಾಗುವಷ್ಟರಲ್ಲಿ ಒಳಗೆ ಕಾಲಿಡಲಾಗದ ಸ್ಥಿತಿಗೆ ಬರುತ್ತವೆ. ಆದರೂ ನೀರು ಬಿಡುವುದು ಪರಿಹಾರವಲ್ಲ. ಮಧ್ಯಾಹ್ನದಿಂದ ಕುಡಿಯದವರೇ ವೈದ್ಯಕೀಯ ಡೇರೆಗೆ ಮೊದಲು ಬರುವವರು. ಗೇಟು ತೆರೆದ ಮೊದಲ ಗಂಟೆಯಲ್ಲಿ ಒಮ್ಮೆ, ಮುಖ್ಯ ಬ್ಯಾಂಡಿಗೆ ಮುಂಚಿನ ಬ್ಯಾಂಡ್ ಇನ್ನೂ ನುಡಿಸುತ್ತಿರುವಾಗ ಒಮ್ಮೆ ಹೋಗಿಬನ್ನಿ. ಎರಡು ಬ್ಯಾಂಡುಗಳ ನಡುವಿನ ವಿರಾಮದಲ್ಲಿ ಕ್ಯೂ ಅತಿ ಉದ್ದ. ಮೂಲೆಯಲ್ಲಿರುವ, ವೇದಿಕೆಯಿಂದ ದೂರದ ಸಾಲು ಹೆಚ್ಚು ಸ್ವಚ್ಛ. ಔಷಧಿ ಅಂಗಡಿಗಳಲ್ಲಿ ನಿಂತೇ ಮೂತ್ರ ಮಾಡಲು ಕಾಗದದ ಕೊಳವೆ ಸಿಗುತ್ತದೆ, ಅದನ್ನು ಮನೆಯಲ್ಲಿ ಒಮ್ಮೆ ಬಳಸಿ ನೋಡಿಯೇ ತನ್ನಿ. ಟಿಶ್ಯೂ, ಸ್ಯಾನಿಟೈಸರ್, ಬೇಕಾದವರಿಗೆ ಪ್ಯಾಡ್ ಚೀಲದಲ್ಲಿರಲಿ.

ಒಂದೆರಡು ಬಿಯರ್?

ಸೂರ್ಯ ಮುಳುಗುವವರೆಗೆ ಬೇಡ. ಮದ್ಯ ಮೂತ್ರ ಹೆಚ್ಚಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಮೈ ಕೊಡುವ ಸೂಚನೆಗಳನ್ನು ಮಂಕಾಗಿಸುತ್ತದೆ. ಕತ್ತಲಾದ ಮೇಲೆ ಕುಡಿಯುವುದಾದರೆ ಒಂದು ಗ್ಲಾಸಿಗೆ ಒಂದು ಗ್ಲಾಸ್ ನೀರು.

ಎಲ್ಲಿ ನಿಂತರೆ ಬಿಸಿಲು ಕಡಿಮೆ?

ವೇದಿಕೆ ಯಾವ ದಿಕ್ಕಿನಲ್ಲಿದೆ ಎಂದು ಮೈದಾನದ ನಕ್ಷೆಯಲ್ಲಿ ನೋಡಿಕೊಳ್ಳಿ. ವೇದಿಕೆ ಪ್ರೇಕ್ಷಕರಿಗೆ ಪಶ್ಚಿಮಕ್ಕಿದ್ದರೆ ಸಂಜೆ ಅದರ ನೆರಳು ಪ್ರೇಕ್ಷಕರ ಕಡೆಗೇ ಬೀಳುತ್ತದೆ. ಏಪ್ರಿಲ್‌ನಲ್ಲಿ ನಾಲ್ಕೂವರೆಗೆ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಆಗ 12 ಮೀಟರ್ ಎತ್ತರದ ವೇದಿಕೆಯ ನೆರಳು 20 ಮೀಟರ್ ಉದ್ದಕ್ಕೆ ಚಾಚುತ್ತದೆ, ಮುಂದಿನ ಸಾಲುಗಳೆಲ್ಲ ನೆರಳಿಗೆ ಬರುತ್ತವೆ. ವೇದಿಕೆ ಪೂರ್ವಕ್ಕಿದ್ದರೆ ಇಳಿಬಿಸಿಲು ಬೆನ್ನಿಗೆ ಬಡಿಯುತ್ತಲೇ ಇರುತ್ತದೆ. ಆಗ ಆರು ಗಂಟೆವರೆಗೆ ಹಿಂದಿರುವುದು ಲೇಸು.

ಹಿಂದೆ ಎಂದರೆ ಸೌಂಡ್ ಮಿಕ್ಸಿಂಗ್ ಮಾಡುವ ಡೇರೆಯ ಹತ್ತಿರ. ಶಬ್ದ ಹದವಾಗಿ ಕೇಳುವುದು ಅಲ್ಲೇ, ಯಾಕೆಂದರೆ ಇಂಜಿನಿಯರ್ ಕಿವಿಕೊಟ್ಟು ಹೊಂದಿಸುವುದು ಆ ಜಾಗಕ್ಕೆ. ಡೇರೆಯ ನೆರಳೂ ಸಿಗುತ್ತದೆ, ನೀರಿಗೆ ಓಡಾಡಲು ದಾರಿಯೂ ಇರುತ್ತದೆ. ಮಧ್ಯಾಹ್ನದ ಬ್ಯಾಂಡುಗಳ ಶಬ್ದ ದೂರಕ್ಕೆ ತೆಳುವಾಗಿ ಕೇಳುವುದಕ್ಕೂ ಬಿಸಿಲೇ ಒಂದು ಕಾರಣ: ನೆಲದ ಹತ್ತಿರದ ಕಾದ ಗಾಳಿಯಲ್ಲಿ ಶಬ್ದ ವೇಗವಾಗಿ ಚಲಿಸಿ ಮೇಲಕ್ಕೆ ಬಾಗುತ್ತದೆ. ನೆಲ ತಣಿದ ಮೇಲೆ ಅದೇ ಶಬ್ದ ಹಿಂದಿನ ಸಾಲಿಗೂ ತುಂಬಿಕೊಂಡು ಬರುತ್ತದೆ. ಆದ್ದರಿಂದ ಆರಂಭದ ಬ್ಯಾಂಡಿಗೆ ಸದ್ದು ಸಾಲದಾದರೆ ಅವರನ್ನು ದೂರಬೇಡಿ.

ಮಾಶ್ ಪಿಟ್ ಒಳಗೆ ಹೋಗಬಹುದೇ?

ಮಾಶ್ ಪಿಟ್ ಎಂದರೆ ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ಜಾಗ. ಕತ್ತಲಾದ ಮೇಲೆ, ನೀರು ಕುಡಿದು, ಎರಡು ಹಾಡಿಗೊಮ್ಮೆ ಹೊರಬಂದು ಉಸಿರು ತೆಗೆದುಕೊಳ್ಳುವುದಾದರೆ ಹೋಗಿ. ಸುಮ್ಮನಿರುವ ಮೈ ಸುಮಾರು 100 ವ್ಯಾಟ್ ಶಾಖ ಹೊರಸೂಸುತ್ತದೆ, ಜಿಗಿದು ಕುಣಿಯುವ ಮೈ ಅದರ ಐದಾರು ಪಟ್ಟು. ಸುತ್ತ ಅಂಥ ಮೈಗಳೇ ಒತ್ತಿಕೊಂಡಿದ್ದಾಗ ಗಾಳಿಯೂ ಬರುವುದಿಲ್ಲ. ಬಿದ್ದವರನ್ನು ತಕ್ಷಣ ಎತ್ತುವುದು ಪಿಟ್‌ನ ಹಳೆಯ ಕಟ್ಟಳೆ, ಬೇಸಿಗೆಯಲ್ಲಿ ಎತ್ತಿದ ಮೇಲೆ ಅವರ ಮುಖ ನೋಡಿ ಹೆಸರು ಕೇಳುವುದನ್ನೂ ಸೇರಿಸಿಕೊಳ್ಳಿ.

ಕುಣಿತ ಬೇರೆ, ಒತ್ತಡ ಬೇರೆ. ಕೈ ಎತ್ತಿ ಮುಖ ಮುಟ್ಟಿಕೊಳ್ಳಲೂ ಆಗದಷ್ಟು ಗುಂಪು ಬಿಗಿಯಾದರೆ ಕೂಡಲೇ ಹೊರಡಿ. ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳಿ. ನೂಕಿನ ವಿರುದ್ಧ ತಳ್ಳದೆ, ಅಲೆ ಇಳಿದಾಗಲೆಲ್ಲ ಓರೆಯಾಗಿ ಪಕ್ಕಕ್ಕೆ ಒಂದೆರಡು ಹೆಜ್ಜೆ ಸರಿಯಿರಿ. ಬ್ಯಾರಿಕೇಡಿನ ಹತ್ತಿರವಿದ್ದರೆ ಕೈ ಎತ್ತಿ ಸೆಕ್ಯುರಿಟಿಯವರನ್ನು ಕರೆಯಿರಿ. ಮೇಲಿನಿಂದ ಎಳೆದುಕೊಳ್ಳುವುದು ಅವರ ಕೆಲಸದ ಭಾಗವೇ.

ಜೊತೆಯವರಿಗೆ ಬಿಸಿಲು ಬಡಿದಿದೆ ಎಂದು ತಿಳಿಯುವುದು ಹೇಗೆ? ಏನು ಮಾಡಬೇಕು?

ಎರಡು ಹಂತಗಳನ್ನು ಬೇರೆ ಮಾಡಿ ಗುರುತಿಸಲು ಕಲಿಯಿರಿ. ಬೇರೆ ಮಾಡುವ ಗೆರೆ ಒಂದೇ: ಬುದ್ಧಿ ಸ್ಥಿಮಿತದಲ್ಲಿದೆಯೇ?

ಮೊದಲ ಹಂತ ಬಳಲಿಕೆ. ಧಾರಾಕಾರ ಬೆವರು, ತಲೆನೋವು, ವಾಕರಿಕೆ, ತಲೆಸುತ್ತು, ಮೀನಖಂಡದ ಸೆಳೆತ, ಬಿಳಿಚಿಕೊಂಡ ಮುಖ. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾರೆ. ನೆರಳಿಗೆ ಕರೆದೊಯ್ದು ಮಲಗಿಸಿ, ಕಾಲಿನ ಕೆಳಗೆ ಚೀಲವಿಟ್ಟು ಎತ್ತರಿಸಿ, ಶೂ ಬೆಲ್ಟು ಸಡಿಲಿಸಿ. ಮುಖ, ಕತ್ತು, ತೋಳಿಗೆ ನೀರು ಹಚ್ಚಿ ರಟ್ಟಿನಿಂದ ಗಾಳಿ ಹಾಕಿ. ಓಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕೊಡಿ, ಗಟಗಟ ಕುಡಿದರೆ ವಾಂತಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಡೇರೆಗೆ ಕರೆದೊಯ್ಯಿರಿ. ಚೇತರಿಸಿದರೂ ಅವರನ್ನು ಮತ್ತೆ ಪಿಟ್‌ಗೆ ಕಳಿಸಬೇಡಿ.

ಎರಡನೆಯ ಹಂತ ಹೀಟ್ ಸ್ಟ್ರೋಕ್. ಒಳಮೈ 40 ಡಿಗ್ರಿ ದಾಟಿ ಮಿದುಳಿಗೆ ತಾಗಿರುತ್ತದೆ. ಅಸಂಬದ್ಧ ಮಾತು, ತೊದಲು, ತೂರಾಟ, ಕಾರಣವಿಲ್ಲದ ಸಿಟ್ಟು, ಫಿಟ್ಸ್, ಪ್ರಜ್ಞೆ ತಪ್ಪುವುದು. ಇಲ್ಲಿ ಎರಡು ತಪ್ಪುಗಳು ಜೀವ ತೆಗೆಯುತ್ತವೆ. ಒಂದು, ಕುಡಿದು ಹೀಗಾಡುತ್ತಿದ್ದಾನೆ ಎಂದು ಮೂಲೆಯಲ್ಲಿ ಮಲಗಿಸಿ ಶೋ ನೋಡಲು ಹೋಗುವುದು. ಇನ್ನೊಂದು, ಬೆವರುತ್ತಿದ್ದಾನಲ್ಲ, ಹೀಟ್ ಸ್ಟ್ರೋಕ್ ಇರಲಾರದು ಎಂದುಕೊಳ್ಳುವುದು. ಕುಣಿದು ಬಿದ್ದವರಲ್ಲಿ ಬೆವರು ಇದ್ದೇ ಇರಬಹುದು.

ಒಬ್ಬರು 108ಕ್ಕೆ ಕರೆ ಮಾಡಿ ಗೇಟಿನ ಸಂಖ್ಯೆ ಹೇಳಲಿ, ಒಬ್ಬರು ವೈದ್ಯಕೀಯ ಡೇರೆಗೆ ಓಡಲಿ. ಉಳಿದವರು ಆಂಬುಲೆನ್ಸಿಗೆ ಕಾಯದೆ ತಣಿಸಲು ಶುರು ಮಾಡಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಮೇಲಂಗಿ ತೆಗೆದು ತಲೆಯಿಂದ ಕಾಲಿನವರೆಗೆ ನೀರು ಸುರಿಯಿರಿ, ಎಡೆಬಿಡದೆ ಗಾಳಿ ಹಾಕಿ. ಪಾನೀಯದ ಅಂಗಡಿಯಲ್ಲಿ ಐಸ್ ಇರುತ್ತದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಕತ್ತು, ಕಂಕುಳು, ತೊಡೆಸಂದಿನಲ್ಲಿಡಿ. ಐಸ್ ನೀರು ತುಂಬಿದ ದೊಡ್ಡ ಟಬ್ ಡೇರೆಯಲ್ಲಿದ್ದರೆ ಕತ್ತಿನವರೆಗೆ ಮುಳುಗಿಸುವುದೇ ಎಲ್ಲಕ್ಕಿಂತ ಬೇಗ ತಣಿಸುವ ದಾರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಪ್ಯಾರಾಸಿಟಮಾಲ್ ಕೊಡಬೇಡಿ. ಇದು ಜ್ವರವಲ್ಲ, ಆ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ದಿನವೂ ಮಾತ್ರೆ ತೆಗೆದುಕೊಳ್ಳುವವರು ಹೋಗಬಹುದೇ?

ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ, ಬೀಟಾ ಬ್ಲಾಕರ್, ಲಿಥಿಯಂ ಮತ್ತು ಕೆಲವು ಮಾನಸಿಕ ಆರೋಗ್ಯದ ಔಷಧಿಗಳು, ನಿದ್ದೆ ಬರಿಸುವ ಥರದ ಶೀತ ಅಲರ್ಜಿಯ ಮಾತ್ರೆ, ಇವು ಬೆವರನ್ನೋ ನೀರಿನ ಸಮತೋಲವನ್ನೋ ಏರುಪೇರು ಮಾಡುತ್ತವೆ. ತಾವಾಗಿ ನಿಲ್ಲಿಸಬೇಡಿ, ವಾರದ ಮುಂಚೆ ವೈದ್ಯರನ್ನು ಕೇಳಿ. ಇನ್ಸುಲಿನ್ ಒಯ್ಯುವವರು ತಣ್ಣನೆಯ ಪೌಚ್ ಬಳಸಿ, ಐಸ್‌ಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ವ್ಯರ್ಥ. ವೈದ್ಯರ ಚೀಟಿಯ ಪ್ರತಿ ಜೊತೆಗಿದ್ದರೆ ಗೇಟಿನಲ್ಲಿ ವಾದ ತಪ್ಪುತ್ತದೆ.

ಮಕ್ಕಳನ್ನು ಕರೆದೊಯ್ಯಬಹುದೇ?

ಐದು ವರ್ಷದೊಳಗಿನವರನ್ನು ಬೇಡ. ಅದಕ್ಕಿಂತ ದೊಡ್ಡ ಮಕ್ಕಳಾದರೆ ಐದು ಗಂಟೆಯ ಮೇಲೆ ಒಳಗೆ ಬನ್ನಿ, ಸೌಂಡ್ ಡೇರೆಗಿಂತ ಹಿಂದೆ ನಿಲ್ಲಿ, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ. ದೊಡ್ಡವರಿಗೂ ಇಯರ್‌ಪ್ಲಗ್ ಬೇಕು: 100 ಡೆಸಿಬಲ್ ಶಬ್ದವನ್ನು ಬರಿಗಿವಿ ಸುರಕ್ಷಿತವಾಗಿ ತಾಳುವುದು ದಿನಕ್ಕೆ ಹದಿನೈದೇ ನಿಮಿಷ.

ಸಂಜೆ ದಿಢೀರ್ ಮಳೆ ಬಂದರೆ?

ಕಡು ಸೆಖೆಯ ದಿನವೇ ಸಂಜೆ ಗುಡುಗು ಮಳೆ ಬರುವುದು ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಸ್ವಭಾವ. ಒದ್ದೆಯಾಗುವುದು ಹಿತವೇ, ಅಪಾಯ ಸಿಡಿಲಿನದ್ದು. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ 30 ಎಣಿಸಲು ಆಗದಿದ್ದರೆ ಬಯಲು ಬಿಡಿ. ಮರ, ದೀಪದ ಗೋಪುರ, ಲೋಹದ ಬ್ಯಾರಿಕೇಡ್, ಬಟ್ಟೆಯ ಡೇರೆ ಯಾವುದೂ ಆಸರೆಯಲ್ಲ. ಕಟ್ಟಡ ಅಥವಾ ಗಾಜು ಏರಿಸಿದ ಕಾರು ಆಸರೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಫೋನಿನಲ್ಲಿರಲಿ.

ಫೋನ್ ಬಿಸಿಯಾಗಿ ಆಫ್ ಆಗುತ್ತದೆ. ಟಿಕೆಟ್ ಅದರಲ್ಲೇ ಇದೆ.

ಐಫೋನ್ ಬಳಕೆಗೆ ಕಂಪನಿಯೇ ಹೇಳುವ ಮೇಲಿನ ಮಿತಿ 35 ಡಿಗ್ರಿ. ಬಿಸಿಲಿನಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿ ವಿಡಿಯೊ ಮಾಡಿದರೆ ಯಾವ ಫೋನೂ ಬೇಗ ಕಾಯುತ್ತದೆ. ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಡಿ, ಚಾರ್ಜ್ ಮಾಡುತ್ತ ಬಳಸಬೇಡಿ. ಕಾದ ಫೋನನ್ನು ಐಸ್ ಮೇಲಿಟ್ಟರೆ ಒಳಗೆ ಪಸೆ ಕಟ್ಟುತ್ತದೆ. ಪವರ್ ಬ್ಯಾಂಕನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಟಿಕೆಟ್‌ನ ಮುದ್ರಿತ ಪ್ರತಿ, ಜೊತೆಯವರ ನಂಬರ್ ಬರೆದ ಚೀಟಿ, ಸಿಗ್ನಲ್ ಸತ್ತಾಗ ಸೇರುವ ಜಾಗ, ಇಷ್ಟನ್ನು ಮೊದಲೇ ನಿಶ್ಚಯಿಸಿ.

ತಂಪು ದೇಶದಿಂದ ರಜೆಗೆ ಬರುತ್ತಿದ್ದೇವೆ. ಬಂದ ಮರುದಿನವೇ ಶೋ.

ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಲಂಡನ್ನಿನಿಂದ ನಿನ್ನೆ ಇಳಿದ ಮೈಗೆ ಆ ಕಲೆ ಬಂದಿರುವುದಿಲ್ಲ, ಹುಟ್ಟಿದ್ದು ರಾಯಚೂರೇ ಆಗಿದ್ದರೂ. ಕ್ಯೂ ಬಿಟ್ಟು ಐದಕ್ಕೆ ಬನ್ನಿ. ಬೆಂಗಳೂರಿನಿಂದ ಬಳ್ಳಾರಿ, ಕಲಬುರಗಿ ಕಡೆಯ ಶೋಗೆ ಹೋಗುವವರಿಗೂ ಇದೇ ಮಾತು.

ಬಿಸಿಲಿಗೆ ಹೆದರಿ ಹೋಗದಿದ್ದರೆ ಹಣ ವಾಪಸ್ ಬರುತ್ತದೆಯೇ?

ನೀವಾಗಿ ಹೋಗದಿದ್ದರೆ ಸಾಮಾನ್ಯವಾಗಿ ಇಲ್ಲ. ಆಯೋಜಕರೇ ರದ್ದು ಮಾಡಿದರೆ ಟಿಕೆಟ್‌ನ ಷರತ್ತುಗಳನ್ನು ಓದಿ ಕೇಳಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಶೋ ಮುಗಿದ ಮೇಲೆ?

ಎಲ್ಲರೂ ಒಟ್ಟಿಗೆ ಗೇಟಿಗೆ ನುಗ್ಗುವ ಮೊದಲ ಇಪ್ಪತ್ತು ನಿಮಿಷ ಕೂತು ನೀರು ಕುಡಿಯಿರಿ, ಉಪ್ಪಿರುವ ಏನಾದರೂ ತಿನ್ನಿ. ಕೊನೆಯ ಮೆಟ್ರೊ ಎಷ್ಟಕ್ಕೆ ಎಂದು ಮೊದಲೇ ನೋಡಿಟ್ಟಿರಿ. ತಲೆ ಸುತ್ತುತ್ತಿದ್ದರೆ ಬೈಕ್ ಹತ್ತಬೇಡಿ. ಮನೆಗೆ ಬಂದು ತಣ್ಣೀರಿನಲ್ಲಿ ಸ್ನಾನ ಮಾಡಿ ಮಲಗುವ ಮುನ್ನ ಇನ್ನೊಂದು ಲೋಟ ಓಆರ್‌ಎಸ್ ಕುಡಿಯಿರಿ. ಮರುದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ತೊಡೆ, ಭುಜ ವಿಪರೀತ ನೋಯುತ್ತಿದ್ದರೆ ಅದು ಕುಣಿದ ನೋವಲ್ಲ. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.